ಎಂಟು ಲಕ್ಷ ಬಾತ್ ಮತ್ತು ಒಂದು ಪಾಸ್‌ಬುಕ್: ಥಾಯ್ಲೆಂಡಿನಲ್ಲಿ ನಿವೃತ್ತಿ ವಾಸ ವಿಸ್ತರಿಸುವಾಗ

ಪಾಸ್‌ಬುಕ್ಕಿನ ಕೊನೆಯ ಸಾಲಿನಲ್ಲಿ 7,99,800 ಎಂದಿದೆ. ಬೇಕಾಗಿದ್ದದ್ದು 8,00,000. ಇನ್ನೂರು ಬಾತ್ ಎಲ್ಲಿ ಹೋಯಿತೆಂದು ನೋಡಿದರೆ, ಇಮಿಗ್ರೇಷನ್ನಿಗೆ ಕೊಡಬೇಕಾದ ಪತ್ರ ಬರೆದುಕೊಟ್ಟಿದ್ದಕ್ಕೆ ಬ್ಯಾಂಕು ಅದೇ ಖಾತೆಯಿಂದ ಮುರಿದುಕೊಂಡ ಶುಲ್ಕ ಅದು. ಕೌಂಟರಿನ ಅಧಿಕಾರಿ ಆ ಸಾಲಿನ ಮೇಲೆ ಪೆನ್ನಿನ ತುದಿ ಇಟ್ಟು ಪುಸ್ತಕವನ್ನು ವಾಪಸ್ ತಳ್ಳಿದರೆ ಅಲ್ಲಿಗೆ ಮುಗಿಯಿತು. ನಿವೃತ್ತಿಯ ಆಧಾರದ ಮೇಲೆ ವರ್ಷವರ್ಷವೂ ಥಾಯ್ಲೆಂಡಿನ ವಾಸ ವಿಸ್ತರಿಸಿಕೊಳ್ಳುವವರು ಪೇಚಿಗೆ ಸಿಲುಕುವುದು ಹೆಚ್ಚಾಗಿ ಹೀಗೆಯೇ. ಕೈಯಲ್ಲಿ ದುಡ್ಡಿರುತ್ತದೆ. ಇಂಥ ದಿನದಿಂದ ಇಂಥ ದಿನದವರೆಗೆ ಇತ್ತು ಎಂದು ಪಾಸ್‌ಬುಕ್ ಹೇಳುತ್ತಿರುವುದಿಲ್ಲ.

ಎಲ್ಲರೂ ಇದನ್ನು ‘ರಿಟೈರ್ಮೆಂಟ್ ವೀಸಾ’ ಎನ್ನುತ್ತಾರೆ. ಥಾಯ್ ಜನ ‘ತೋ ವೀಸಾ’, ಅಂದರೆ ವೀಸಾ ಮುಂದುವರಿಸುವುದು, ಅಂದುಬಿಡುತ್ತಾರೆ. ಆದರೆ ಪ್ರತಿ ವರ್ಷ ಸಿಗುವುದು ಹೊಸ ವೀಸಾ ಅಲ್ಲ, ಇರುವ ಅನುಮತಿಗೆ ಇನ್ನೊಂದು ವರ್ಷ ಕೂಡಿಸುವ ಮುದ್ರೆ. ಅದಕ್ಕೆ ಮೊದಲು ನಾನ್-ಇಮಿಗ್ರಂಟ್ (ಪ್ರವಾಸಿಯೂ ಅಲ್ಲದ, ಕಾಯಂ ವಾಸಿಯೂ ಅಲ್ಲದ) ವರ್ಗದ ಓ ಅಥವಾ ಓ-ಎ ವೀಸಾ ಇರಬೇಕು, ವಯಸ್ಸು 50 ತುಂಬಿರಬೇಕು. ಪ್ರವಾಸಿಯಾಗಿ ಬಂದವರು ನೇರವಾಗಿ ಒಂದು ವರ್ಷ ಕೇಳುವಂತಿಲ್ಲ. ವಾಸದ ದಿನಗಳು ಕನಿಷ್ಠ 15 ಉಳಿದಿರುವಾಗಲೇ, 2,000 ಬಾತ್ ಕಟ್ಟಿ, 90 ದಿನದ ನಾನ್-ಓಗೆ ಬದಲಾಯಿಸಿಕೊಂಡು, ಆ 90 ದಿನದ ಕೊನೆಯ ತಿಂಗಳಲ್ಲಿ ವರ್ಷದ ವಿಸ್ತರಣೆಗೆ ಹೋಗಬೇಕು. ಓ-ಎ ಮೇಲೆ ಬಂದವರಿಗೆ 2019ರ ಅಕ್ಟೋಬರ್ 31ರಿಂದ ಆರೋಗ್ಯ ವಿಮೆಯ ಷರತ್ತೂ ಅಂಟಿಕೊಂಡಿದೆ. ಓ ಮೂಲದ ವಿಸ್ತರಣೆಗೆ ಅದಿಲ್ಲ. ವಯಸ್ಸಾದ ಮೇಲೆ ವಿಮೆ ಕಂತು ಎಷ್ಟಾಗುತ್ತದೆಂದು ಗೊತ್ತಿದ್ದವರು ಈ ಒಂದು ಅಕ್ಷರದ ವ್ಯತ್ಯಾಸವನ್ನು ಮೊದಲೇ ಲೆಕ್ಕ ಹಾಕುತ್ತಾರೆ.

ಹಣಕಾಸಿನ ಅರ್ಹತೆ ತೋರಿಸಲು ಮೂರು ದಾರಿಗಳಿವೆ. ಥಾಯ್ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಠೇವಣಿ, ಇಲ್ಲವೇ ತಿಂಗಳಿಗೆ 65,000 ಬಾತ್ ಆದಾಯ, ಇಲ್ಲವೇ ವರ್ಷದ ಆದಾಯ ಮತ್ತು ಠೇವಣಿ ಸೇರಿ 8 ಲಕ್ಷ. ಹೆಚ್ಚಿನವರು ಹಿಡಿಯುವುದು ಮೊದಲನೆಯದನ್ನೇ. ದುಡ್ಡು ಕಟ್ಟಿಹಾಕಿದಂತಾಗುತ್ತದೆ ಎಂಬ ಗೊಣಗಾಟ ಇದ್ದರೂ, ಮೂರರಲ್ಲಿ ತಲೆನೋವು ಕಡಿಮೆ ಇರುವುದು ಅದರಲ್ಲೇ.

ಠೇವಣಿಯ ಈಗಿನ ಲೆಕ್ಕ 2019ರ ಮಾರ್ಚ್ 1ರಿಂದ ಬಂದದ್ದು. ಅರ್ಜಿ ಹಾಕುವ ದಿನಕ್ಕೆ ಹಿಂದಿನ ಎರಡು ತಿಂಗಳು 8 ಲಕ್ಷ ಖಾತೆಯಲ್ಲಿ ಕೂತಿರಬೇಕು. ಅನುಮತಿ ಸಿಕ್ಕ ಮೇಲೆ ಮೂರು ತಿಂಗಳು ಅದು ಅಲುಗಬಾರದು. ಆಮೇಲೆ ತೆಗೆಯಬಹುದು, ಆದರೆ 4 ಲಕ್ಷದ ಕೆಳಗೆ ಒಂದು ದಿನವೂ ಇಳಿಯಕೂಡದು. ಮುಂದಿನ ಅರ್ಜಿಗೆ ಎರಡು ತಿಂಗಳಿರುವಾಗ ಮತ್ತೆ 8 ಲಕ್ಷ ತುಂಬಿರಬೇಕು. ಅಂದರೆ ವರ್ಷದಲ್ಲಿ ಐದು ತಿಂಗಳು ಪೂರ್ತಿ ಮೊತ್ತ, ಏಳು ತಿಂಗಳು ಅರ್ಧ ಮೊತ್ತ ಸುಮ್ಮನೆ ಕೂರುತ್ತದೆ.

ಇದನ್ನು ದಿನಾಂಕ ಹಾಕಿ ನೋಡಿದರೇ ತಿಳಿಯುವುದು. ವಾಸದ ಅನುಮತಿ ಆಗಸ್ಟ್ 20ಕ್ಕೆ ಮುಗಿಯುತ್ತದೆ, ಅರ್ಜಿ ಹಾಕುವುದು ಆಗಸ್ಟ್ 1ರಂದು ಎಂದಿಟ್ಟುಕೊಳ್ಳಿ. ನಿಯಮದ ಪ್ರಕಾರ ಜೂನ್ 1ಕ್ಕೆ ಹಣ ತುಂಬಿರಬೇಕು. ಅನುಭವಸ್ಥರು ಮೇ 20ಕ್ಕೇ ತುಂಬಿಸಿಬಿಡುತ್ತಾರೆ. ಹೊರದೇಶದಿಂದ ಬರುವ ಹಣ ನಡುವಿನ ಬ್ಯಾಂಕಿನಲ್ಲಿ ನಾಲ್ಕು ದಿನ ನಿಂತರೆ, ನಡುವೆ ರಜೆ ಬಂದರೆ, ಲೆಕ್ಕ ತಪ್ಪುವುದು ಅಲ್ಲೇ. ಆಮೇಲಿನ ಮೂರು ತಿಂಗಳನ್ನು ಅನುಮತಿ ಕೊಟ್ಟ ದಿನದಿಂದ ಎಣಿಸಿದರೆ ನವೆಂಬರ್ 1, ಹಳೆಯ ಅವಧಿ ಮುಗಿಯುವ ದಿನದಿಂದ ಎಣಿಸಿದರೆ ನವೆಂಬರ್ 20. ಒಂದೊಂದು ಕಚೇರಿಯಲ್ಲಿ ಒಂದೊಂದು ಎಣಿಕೆ. ಯಾವುದು ತಡವೋ ಅದನ್ನೇ ಹಿಡಿದರೆ ಜಗಳವಿಲ್ಲ. ಇಷ್ಟು ಬಿಗಿಯಾಗಿ ದುಡ್ಡನ್ನು ಆಡಿಸುವ ಬದಲು 8.2 ಲಕ್ಷ ಹಾಕಿ ಆ ಖಾತೆಯನ್ನು ಮರೆತುಬಿಡುವವರೇ ಜಾಣರು ಎನ್ನುವುದು ನಮ್ಮ ಅಭಿಪ್ರಾಯ. ಒಬ್ಬ ಗ್ರಾಹಕರಿಗೆ ಒಂದು ಬ್ಯಾಂಕಿನಲ್ಲಿ 10 ಲಕ್ಷ ಬಾತ್‌ವರೆಗೆ ಠೇವಣಿ ರಕ್ಷಣೆಯೂ ಇದೆ.

‘ಮರೆತುಬಿಡುವುದು’ ಎಂದರೆ ನಿಜಕ್ಕೂ ಮರೆಯಬೇಕು. ಮನೆಖರ್ಚಿನ ಖಾತೆ ಬೇರೆಯೇ ಇರಲಿ. ಈ ಖಾತೆಗೆ ಎಟಿಎಂ ಕಾರ್ಡ್ ತೆಗೆದುಕೊಂಡರೆ ವರ್ಷಕ್ಕೊಮ್ಮೆ ಕಾರ್ಡಿನ ಶುಲ್ಕ ತಾನಾಗಿ ಕಡಿತವಾಗುತ್ತದೆ. ಮೊಬೈಲ್ ಬಿಲ್, ಕರೆಂಟ್ ಬಿಲ್ ಜೋಡಿಸಿದ್ದರೆ ಅದೂ ಹೋಗುತ್ತದೆ. ಸರಿಯಾಗಿ 8,00,000 ಇಟ್ಟವರ ಪಾಸ್‌ಬುಕ್ಕಿನಲ್ಲಿ ನಡುವೆ ಎಲ್ಲೋ 7,99,700 ಎಂಬ ಸಾಲು ಒಂದೇ ಒಂದು ದಿನ ಕಾಣಿಸಿದರೂ ಎರಡು ತಿಂಗಳ ಎಣಿಕೆ ಅಲ್ಲಿಂದ ಹೊಸದಾಗಿ ಶುರು. ಮರುದಿನ ಬಡ್ಡಿ ಬಂದು ಮತ್ತೆ ಎಂಟು ಲಕ್ಷ ದಾಟಿದರೂ ಪ್ರಯೋಜನವಿಲ್ಲ. ಖಾತೆ ಅರ್ಜಿದಾರರ ಒಬ್ಬರದೇ ಹೆಸರಿನಲ್ಲಿರಲಿ. ಗಂಡಹೆಂಡತಿ ಜಂಟಿ ಖಾತೆಯಲ್ಲಿ ಎಂಟು ಲಕ್ಷ ಇದ್ದರೆ, ಅದರಲ್ಲಿ ನಿಮ್ಮದು ನಾಲ್ಕೇ ಎಂದು ಎಣಿಸುತ್ತಾರೆ. ಷೇರು, ಮ್ಯೂಚುವಲ್ ಫಂಡ್, ಊರಿನ ಎಫ್‌ಡಿ ಯಾವುದೂ ಲೆಕ್ಕಕ್ಕಿಲ್ಲ.

ನಿಶ್ಚಿತ ಠೇವಣಿಯಲ್ಲಿ ಇಟ್ಟರೆ ಬಡ್ಡಿ ಒಂದಿಷ್ಟು ಹೆಚ್ಚು ಸಿಗುತ್ತದೆ, ಅನೇಕ ಕಚೇರಿಗಳು ಒಪ್ಪುತ್ತವೆ. ಆದರೆ ಅದರ ಅವಧಿ ಯಾವಾಗ ತುಂಬುತ್ತದೆ ನೋಡಿಕೊಳ್ಳಬೇಕು. ಅವಧಿ ತುಂಬಿ ತಾನಾಗಿ ನವೀಕರಣವಾದಾಗ ಪುಸ್ತಕದಲ್ಲಿ ಹಳೆಯದು ಹೊರಹೋಗಿ ಹೊಸ ದಿನಾಂಕದಲ್ಲಿ ಹೊಸ ಠೇವಣಿ ಬಂದಂತೆ ಅಚ್ಚಾಗುತ್ತದೆ. ಅರ್ಜಿಗೆ ಒಂದು ತಿಂಗಳಿರುವಾಗ ಹೀಗಾದರೆ, ಹಣ ವರ್ಷಗಟ್ಟಲೆ ಅಲ್ಲೇ ಇದ್ದರೂ ಕಾಗದದ ಮೇಲೆ ಒಂದೇ ತಿಂಗಳು.

ಇನ್ನು ಪಾಸ್‌ಬುಕ್ ಮತ್ತು ಪತ್ರ. ಬ್ಯಾಂಕಿನ ಪತ್ರಕ್ಕೆ ಥಾಯ್‌ನಲ್ಲಿ ‘ನಂಗ್ಸೂ ರಪ್‌ರೋಂಗ್’ ಎನ್ನುತ್ತಾರೆ. ಇಮಿಗ್ರೇಷನ್ನಿಗೆ ಎಂದು ಸೇರಿಸಿ ಕೇಳಿದರೆ ಶಾಖೆಯವರಿಗೆ ಯಾವ ನಮೂನೆ ಎಂದು ಗೊತ್ತಾಗುತ್ತದೆ. ಶುಲ್ಕ 100ರಿಂದ 200 ಬಾತ್. ಅದನ್ನು ನಗದಾಗಿ ಕೊಡಿ, ಖಾತೆಯಿಂದ ಬೇಡ ಎಂದು ಬಾಯಿಬಿಟ್ಟು ಹೇಳಿ. ಪತ್ರವನ್ನು ಖಾತೆ ತೆರೆದ ಶಾಖೆಯಲ್ಲೇ ಕೇಳುವುದು ವಾಸಿ, ಬೇರೆ ಶಾಖೆಯಲ್ಲಿ ಅಲ್ಲಿಗೇ ಹೋಗಿ ಎನ್ನುವ ಸಾಧ್ಯತೆ ಹೆಚ್ಚು. ಕೆಲವು ಇಮಿಗ್ರೇಷನ್ ಕಚೇರಿಗಳು ಅದೇ ದಿನದ ಪತ್ರ ಕೇಳುತ್ತವೆ, ಕೆಲವು ಏಳು ದಿನದೊಳಗಿನದು ಸಾಕು ಎನ್ನುತ್ತವೆ. ಅದೇ ದಿನದ್ದು ಬೇಕೆನ್ನುವ ಕಡೆ ಬ್ಯಾಂಕ್ ಬಾಗಿಲು ತೆರೆಯುವ ಹೊತ್ತಿಗೇ ಅಲ್ಲಿರಬೇಕು. ಆಮೇಲೆ ಇಮಿಗ್ರೇಷನ್ನಿನ ಟೋಕನ್ ಸಿಗುವುದು ಕಷ್ಟ. ಶಾಪಿಂಗ್ ಮಾಲಿನೊಳಗಿನ ಶಾಖೆಗಳು ತಡವಾಗಿ ತೆರೆಯುತ್ತವೆ, ಅಲ್ಲಿ ಖಾತೆ ಇದ್ದವರು ಅರ್ಧ ದಿನವನ್ನು ಅಲ್ಲೇ ಕಳೆಯುತ್ತಾರೆ.

ಪಾಸ್‌ಬುಕ್ಕಿನ ಕೊನೆಯ ಸಾಲಿನಲ್ಲೂ ಅರ್ಜಿಯ ದಿನದ್ದೇ ತಾರೀಕು ಇರಬೇಕು. ಪುಸ್ತಕವನ್ನು ಮೆಷಿನ್ನಿಗೆ ಹಾಕಿದರೆ, ವಹಿವಾಟು ಇಲ್ಲದಿದ್ದಾಗ ಏನೂ ಅಚ್ಚಾಗದೆ ಹೊರಬರುತ್ತದೆ. ಅದಕ್ಕೇ ಆ ಬೆಳಿಗ್ಗೆ 100 ಬಾತ್ ಖಾತೆಗೆ ಕಟ್ಟಿ, ನಂತರ ಪುಸ್ತಕ ಹಾಕಬೇಕು. ಕಟ್ಟಬೇಕು, ತೆಗೆಯಬಾರದು. ಆಗ ಹೊಸ ಸಾಲೊಂದು ಮೂಡುತ್ತದೆ. ಪತ್ರದ ಮೊತ್ತವೂ ಪುಸ್ತಕದ ಕೊನೆಯ ಮೊತ್ತವೂ ಒಂದೇ ಇರಬೇಕಾದ್ದರಿಂದ ನೂರು ಬಾತ್ ಕಟ್ಟಿದ ಮೇಲೆಯೇ ಪತ್ರ ಮಾಡಿಸಬೇಕು, ಹಿಂದುಮುಂದಾದರೆ ಎರಡರಲ್ಲಿ ನೂರರ ವ್ಯತ್ಯಾಸ ಬರುತ್ತದೆ. ತಾರೀಕುಗಳನ್ನು ಓದುವಾಗ ಬುದ್ಧ ಶಕೆ ನೆನಪಿರಲಿ: 2568 ಎಂದರೆ 2025, 543 ಕಳೆಯಬೇಕು. ಅಚ್ಚಿನಲ್ಲಿ ಬರೀ 68 ಎಂದು ಕಂಡು ಗಾಬರಿ ಬೀಳುವವರಿದ್ದಾರೆ.

ಬಹಳ ತಿಂಗಳು ಅಪ್‌ಡೇಟ್ ಮಾಡಿಸದೆ ಬಿಟ್ಟರೆ ಇನ್ನೊಂದು ತೊಡಕು. ಸಾಲುಗಳು ಹೆಚ್ಚಾದಾಗ ಬ್ಯಾಂಕಿನ ಕಂಪ್ಯೂಟರ್ ಹಳೆಯ ವಹಿವಾಟನ್ನೆಲ್ಲ ಒಟ್ಟುಗೂಡಿಸಿ ಒಂದೇ ಸಾಲಾಗಿ ಅಚ್ಚು ಹಾಕುತ್ತದೆ. ನಡುವಿನ ತಿಂಗಳುಗಳಲ್ಲಿ 4 ಲಕ್ಷದ ಕೆಳಗೆ ಇಳಿಯಲಿಲ್ಲ ಎಂದು ತೋರಿಸಬೇಕಾದ ಸಾಲುಗಳೇ ಮಾಯವಾಗುತ್ತವೆ. ಆಗ 12 ತಿಂಗಳ ಸ್ಟೇಟ್‌ಮೆಂಟ್ ಬೇಕು. ಆರು ತಿಂಗಳದ್ದನ್ನು ಶಾಖೆಯಲ್ಲೇ ತಕ್ಷಣ ಕೊಟ್ಟರೂ, ವರ್ಷದ್ದಕ್ಕೆ ಕೆಲವು ಬ್ಯಾಂಕುಗಳಲ್ಲಿ ಕೆಲವು ದಿನ ಕಾಯಬೇಕಾಗುತ್ತದೆ. ತಿಂಗಳಿಗೊಮ್ಮೆ ಪುಸ್ತಕ ಅಚ್ಚು ಹಾಕಿಸುವ ಅಭ್ಯಾಸಕ್ಕೆ ಎರಡು ನಿಮಿಷ ಸಾಕು.

ತಿಂಗಳಿಗೆ 65,000ದ ದಾರಿ ಪಿಂಚಣಿದಾರರಿಗೆ ಹೇಳಿ ಮಾಡಿಸಿದಂತೆ ಕಾಣುತ್ತದೆ. ಹಿಂದೆ ತಮ್ಮ ದೇಶದ ದೂತಾವಾಸದಿಂದ ಆದಾಯದ ಪತ್ರವೊಂದನ್ನು ತಂದುಕೊಟ್ಟರೆ ಆಗುತ್ತಿತ್ತು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳು 2019ರ ಆರಂಭದ ಹೊತ್ತಿಗೆ ಅಂಥ ಪತ್ರ ನಿಲ್ಲಿಸಿದವು. ಆಗ ಬಂದದ್ದೇ ಹಣವನ್ನು ನಿಜವಾಗಿ ತಿಂಗಳು ತಿಂಗಳು ಥಾಯ್ಲೆಂಡಿಗೆ ತರಿಸಿ ತೋರಿಸುವ ಪದ್ಧತಿ. ಹನ್ನೆರಡು ತಿಂಗಳು, ಪ್ರತಿ ತಿಂಗಳು, ಹೊರದೇಶದಿಂದ, ಕನಿಷ್ಠ 65,000. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಕೆಟ್ಟಿತು.

ಮೊದಲನೆಯ ಪೆಟ್ಟು ವಿನಿಮಯ ದರದ್ದು. ಹೊರಡುವಾಗ 65,000ಕ್ಕೆ ಸಮನಾಗಿದ್ದ ಮೊತ್ತ ತಲುಪುವ ಹೊತ್ತಿಗೆ 64,600 ಆಗಿರುತ್ತದೆ. ನಡುವಿನ ಬ್ಯಾಂಕು ಒಂದಿಷ್ಟು, ಥಾಯ್ ಬ್ಯಾಂಕು ಸಾಮಾನ್ಯವಾಗಿ 200ರಿಂದ 500 ಬಾತ್ ಹಿಡಿದುಕೊಳ್ಳುತ್ತದೆ. 68,000 ಅಥವಾ 70,000 ಬರುವಂತೆ ಕಳಿಸಿದರೆ ನಿಶ್ಚಿಂತೆ. ಎರಡನೆಯದು ತಿಂಗಳ ಗಡಿ. ಮಾರ್ಚ್ 31ಕ್ಕೆ ಬರಬೇಕಾದ ಹಣ ಏಪ್ರಿಲ್ 2ಕ್ಕೆ ಬಂದು, ಏಪ್ರಿಲ್‌ನದು 28ಕ್ಕೆ ಬಂದರೆ, ಮಾರ್ಚ್ ಖಾಲಿ, ಏಪ್ರಿಲ್‌ನಲ್ಲಿ ಎರಡು. ಮೊತ್ತ ಸರಿಯಿದೆಯಲ್ಲ ಎಂಬ ವಾದ ಅಲ್ಲಿ ನಡೆಯುವುದಿಲ್ಲ. ತಿಂಗಳ 10ರ ಸುಮಾರಿಗೆ ತಲುಪುವಂತೆ ಕಳಿಸಿ, ಏಪ್ರಿಲ್ ಮಾತ್ರ ಸೊಂಕ್ರಾನ್ (ಥಾಯ್ ಹೊಸವರ್ಷ) ರಜೆಗೆ ಸಿಕ್ಕದಂತೆ ಇನ್ನಷ್ಟು ಮುಂಚೆ.

ಮೂರನೆಯದು ಎಲ್ಲಕ್ಕಿಂತ ಕಣ್ಣಿಗೆ ಬೀಳದ್ದು. ಪಾಸ್‌ಬುಕ್ಕಿನ ಪ್ರತಿ ಸಾಲಿನಲ್ಲೂ ವಹಿವಾಟು ಯಾವ ಬಗೆಯದೆಂದು ಹೇಳುವ ಪುಟ್ಟ ಸಂಕೇತ ಇರುತ್ತದೆ. ಬ್ಯಾಂಕಾಕ್ ಬ್ಯಾಂಕಿನಲ್ಲಿ ಹೊರದೇಶದ ಹಣಕ್ಕೆ ಎಫ್‌ಟಿಟಿ ಎಂಬ ಸಂಕೇತ. ಅಗ್ಗದ ಆನ್‌ಲೈನ್ ರವಾನೆ ಸೇವೆಗಳು ಎಷ್ಟೋ ಸಲ ಥಾಯ್ಲೆಂಡಿನೊಳಗಿನ ತಮ್ಮ ಖಾತೆಯಿಂದಲೇ ಹಣ ಹಾಕುತ್ತವೆ. ಆಗ ಪುಸ್ತಕದಲ್ಲಿ ಅದು ಊರೊಳಗಿನ ವರ್ಗಾವಣೆ ಎಂದು ಅಚ್ಚಾಗುತ್ತದೆ. ದುಡ್ಡು ಸಮುದ್ರ ದಾಟಿ ಬಂದರೂ ಪುಸ್ತಕದ ಪ್ರಕಾರ ಪಕ್ಕದ ಬೀದಿಯಿಂದ ಬಂದದ್ದು! ಮೊದಲ ತಿಂಗಳ ರವಾನೆ ಆದ ಕೂಡಲೇ ಸಂಕೇತ ನೋಡಿ, ತಪ್ಪಿದ್ದರೆ ಎರಡನೇ ತಿಂಗಳಿಂದ ದಾರಿ ಬದಲಿಸಿ. ಹನ್ನೊಂದನೇ ತಿಂಗಳಲ್ಲಿ ಕಂಡುಹಿಡಿದರೆ ಮಾಡಲು ಏನೂ ಉಳಿದಿರುವುದಿಲ್ಲ. ಬ್ಯಾಂಕಿನಿಂದ ಹೊರದೇಶದ ಜಮೆಗಳ ಪ್ರತ್ಯೇಕ ಪತ್ರ ಮಾಡಿಸಿಕೊಳ್ಳಬಹುದು, ಆದರೆ ಆ ಪತ್ರ ಅದೇ ಸಂಕೇತಗಳ ಮೇಲೆ ನಿಂತಿರುತ್ತದೆ.

ಎರಡನ್ನೂ ಕೂಡಿಸುವ ದಾರಿಯಲ್ಲಿ ಲೆಕ್ಕ ಸುಲಭ: ತಿಂಗಳಿಗೆ 30,000 ಬಂದರೆ ವರ್ಷಕ್ಕೆ 3,60,000, ಉಳಿದ 4,40,000 ಬ್ಯಾಂಕಿನಲ್ಲಿ. ಕಾಗದಪತ್ರ ಮಾತ್ರ ಎರಡೂ ಕಡೆಯದು ಬೇಕು, ಹೀಗಾಗಿ ತಪ್ಪಿನ ಅವಕಾಶವೂ ಎರಡರಷ್ಟು. ಕಚೇರಿಗೆ ಮೊದಲೇ ಹೋಗಿ ಒಪ್ಪುತ್ತಾರೆಯೇ ಎಂದು ಕೇಳಿಕೊಂಡೇ ಶುರುಮಾಡಬೇಕು.

ಭಾರತದ ಕಡೆಯ ಕೆಲಸಕ್ಕೂ ದಿನ ಹಿಡಿಯುತ್ತದೆ. ಇನ್ನೂ ಭಾರತದ ನಿವಾಸಿಯಾಗಿರುವಾಗಲೇ ಎಂಟು ಲಕ್ಷ ಬಾತ್ ಕಳಿಸುವವರಿಗೆ ಎಲ್‌ಆರ್‌ಎಸ್ (ನಿವಾಸಿಗಳು ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ಯೋಜನೆ) ಮಿತಿ ವರ್ಷಕ್ಕೆ 2,50,000 ಡಾಲರ್, ಅದು ಅಡ್ಡಿಯಲ್ಲ. ಅಡ್ಡಿ ಟಿಸಿಎಸ್, ಹಣ ಕಳಿಸುವಾಗಲೇ ಬ್ಯಾಂಕು ಮುಂಗಡವಾಗಿ ಹಿಡಿಯುವ ತೆರಿಗೆ. 2025ರ ಏಪ್ರಿಲ್‌ನಿಂದ ಒಂದು ಹಣಕಾಸು ವರ್ಷದಲ್ಲಿ 10 ಲಕ್ಷ ರೂಪಾಯಿ ಮೀರಿದ ಭಾಗದ ಮೇಲೆ ಶೇ 20 ಹಿಡಿಯುತ್ತಾರೆ. ಎಂಟು ಲಕ್ಷ ಬಾತ್ ಇಪ್ಪತ್ತು ಲಕ್ಷ ರೂಪಾಯಿ ದಾಟುವುದರಿಂದ, ಮಾರ್ಚ್‌ನಲ್ಲಿ ಅರ್ಧ, ಏಪ್ರಿಲ್‌ನಲ್ಲಿ ಅರ್ಧ ಕಳಿಸಿದರೆ ಕೈಯಿಂದ ಹೋಗುವ ಮೊತ್ತ ಬಹಳ ತಗ್ಗುತ್ತದೆ. ಹಿಡಿದ ಹಣ ರಿಟರ್ನ್ ಸಲ್ಲಿಸಿದಾಗ ತೆರಿಗೆಗೆ ವಜಾ ಆಗುತ್ತದೆ, ಹೆಚ್ಚಾದದ್ದು ವಾಪಸ್ಸೂ ಬರುತ್ತದೆ. ಆದರೆ ಅಲ್ಲಿವರೆಗೆ ಸಿಕ್ಕಿಬಿದ್ದಿರುತ್ತದೆ. ಥಾಯ್ಲೆಂಡಿನಲ್ಲೇ ನೆಲೆಸಿದವರು ಭಾರತದ ಉಳಿತಾಯ ಖಾತೆಯನ್ನು ಎನ್‌ಆರ್‌ಒಗೆ (ಅನಿವಾಸಿಗಳ ರೂಪಾಯಿ ಖಾತೆಗೆ) ಬದಲಾಯಿಸಿಕೊಂಡಿರಬೇಕು. ಪಿಂಚಣಿಯನ್ನು ಅಲ್ಲಿಂದ ತರಿಸಬಹುದು, ಆದರೆ ತೆರಿಗೆಯ ಕಾಗದ, ಚಾರ್ಟರ್ಡ್ ಅಕೌಂಟೆಂಟರ ಪ್ರಮಾಣಪತ್ರ ಎಂದು ಬ್ಯಾಂಕು ಕೇಳುವುದುಂಟು. ತಿಂಗಳ ರವಾನೆಯ ದಾರಿ ಹಿಡಿಯುವವರಿಗೆ ಇದೇ ದೊಡ್ಡ ಕಿರಿಕಿರಿ.

ಥಾಯ್ ತೆರಿಗೆಯ ಮಾತನ್ನೂ ಇಲ್ಲೇ ಹೇಳಿಬಿಡಬೇಕು. ವರ್ಷದಲ್ಲಿ 180 ದಿನ ಅಲ್ಲಿದ್ದವರು 2024ರ ಜನವರಿ 1ರಿಂದ ಈಚೆಗೆ ಹೊರದೇಶದಲ್ಲಿ ಗಳಿಸಿದ್ದನ್ನು ಒಳತಂದರೆ ಅದು ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಹಿಂದಿನ ಉಳಿತಾಯ ಬರುವುದಿಲ್ಲ. ಹಳೆಯ ಉಳಿತಾಯದಿಂದ ಎಂಟು ಲಕ್ಷ ತುಂಬಿಸುವವರು 2023ರ ಡಿಸೆಂಬರ್ ಕೊನೆಯ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಟ್ಟುಕೊಳ್ಳುವುದು ಇದಕ್ಕೇ.

ಕನ್ನಡಿಗರಿಗೆ, ಒಟ್ಟಾರೆ ದಕ್ಷಿಣದವರಿಗೆ, ಪ್ರತ್ಯೇಕವಾಗಿ ಕಾಡುವುದು ಹೆಸರು. ಬ್ಯಾಂಕಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಅಪ್ಪನ ಹೆಸರು ಬಿಡಿಸಿ ಬರೆದದ್ದು, ಕೆಲವರಿಗೆ ಉಪನಾಮದ ಜಾಗವೇ ಖಾಲಿ. ಥಾಯ್ ಖಾತೆ ತೆರೆಯುವಾಗಲೇ ಪಾಸ್‌ಪೋರ್ಟಿನ ಅಕ್ಷರ ಅಕ್ಷರವೂ ಅದೇ ಕ್ರಮದಲ್ಲಿ ಇರುವಂತೆ ನೋಡಿಕೊಳ್ಳಿ. ಪತ್ರ ಕೈಗೆ ಬಂದ ತಕ್ಷಣ ಬ್ಯಾಂಕಿನ ಕೌಂಟರಿನಲ್ಲೇ ನಿಂತು ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಮೊತ್ತ ಮೂರನ್ನೂ ಓದಿ. ಪಾಸ್‌ಪೋರ್ಟ್ ಬದಲಾಗಿದ್ದರೆ ಬ್ಯಾಂಕಿನ ದಾಖಲೆಯಲ್ಲಿ ಇನ್ನೂ ಹಳೆಯ ಸಂಖ್ಯೆಯೇ ಇರುತ್ತದೆ. ಪಾಸ್‌ಪೋರ್ಟಿನ ಅವಧಿ ಏಳೇ ತಿಂಗಳು ಉಳಿದಿದ್ದರೆ ವಿಸ್ತರಣೆಯೂ ಏಳೇ ತಿಂಗಳು. 1,900 ಬಾತ್ ಶುಲ್ಕ ಮಾತ್ರ ಪೂರ್ತಿ. ಪಾಸ್‌ಪೋರ್ಟ್ ಮೊದಲು ನವೀಕರಿಸಿ, ಮುದ್ರೆಗಳನ್ನು ಹೊಸದಕ್ಕೆ ವರ್ಗಾಯಿಸಿ, ಆಮೇಲೆ ವಿಸ್ತರಣೆಗೆ ಹೋಗಬೇಕು.

ಅರ್ಜಿಯನ್ನು ಅವಧಿ ಮುಗಿಯುವ 30 ದಿನ ಮುಂಚಿನಿಂದ ತೆಗೆದುಕೊಳ್ಳುತ್ತಾರೆ, ಕೆಲವು ಕಚೇರಿಗಳಲ್ಲಿ 45 ದಿನ. ಬೇಗ ಹೋದರೆ ದಿನ ನಷ್ಟವಾಗುವುದಿಲ್ಲ, ಹೊಸ ವರ್ಷ ಹಳೆಯ ಕೊನೆಯ ದಿನದಿಂದಲೇ ಎಣಿಕೆ. ಯಾವ ಕಚೇರಿ ಎಂಬುದು ವಾಸದ ವಿಳಾಸದ ಮೇಲೆ: ಬ್ಯಾಂಕಾಕಿನವರು ಚೇಂಗ್ ವತ್ತನದ ಸರ್ಕಾರಿ ಸಂಕೀರ್ಣಕ್ಕೆ, ಪಟ್ಟಾಯದವರು ಜೋಮ್ತಿಯನ್‌ಗೆ. ಟಿಎಂ 7 ಅರ್ಜಿ, 4×6 ಸೆಂಟಿಮೀಟರ್ ಫೋಟೋ, ಪಾಸ್‌ಪೋರ್ಟಿನ ಮುಖಪುಟ, ವೀಸಾ, ಕೊನೆಯ ಪ್ರವೇಶ ಮುದ್ರೆ, ಹಿಂದಿನ ವಿಸ್ತರಣೆ ಇವುಗಳ ಜೆರಾಕ್ಸ್, ವಾಸದ ವಿಳಾಸ ದಾಖಲಾದ ಟಿಎಂ 30 ರಸೀದಿ, ಮನೆಯ ಬಾಡಿಗೆ ಕರಾರು, ಮನೆಗೆ ದಾರಿ ತೋರಿಸುವ ನಕ್ಷೆ, ಪಾಸ್‌ಬುಕ್ಕಿನ ಎಲ್ಲ ಪುಟಗಳ ಪ್ರತಿ, ಬ್ಯಾಂಕ್ ಪತ್ರ. ಪ್ರತಿ ಹಾಳೆಗೂ ನೀಲಿ ಶಾಯಿಯಲ್ಲಿ ಸಹಿ. ಬೆಳಿಗ್ಗೆ ಅಚ್ಚಾದ ನೂರು ಬಾತಿನ ಸಾಲಿರುವ ಪುಟದ ಜೆರಾಕ್ಸ್ ಮರೆಯುವವರೇ ಹೆಚ್ಚು, ಹಿಂದಿನ ದಿನವೇ ಎಲ್ಲವನ್ನೂ ಪ್ರತಿ ಮಾಡಿಸಿಟ್ಟಿರುತ್ತಾರಲ್ಲ.

ಕೌಂಟರಿನಲ್ಲಿ ಮಾತು ಕಡಿಮೆ. ಅಧಿಕಾರಿ ಮೊದಲು ಪತ್ರದ ತಾರೀಕು ನೋಡುತ್ತಾರೆ, ಆಮೇಲೆ ಪುಸ್ತಕದ ಕೊನೆಯ ಸಾಲು, ಅಲ್ಲಿಂದ ಬೆರಳು ಹಿಂದಕ್ಕೆ ಎರಡು ತಿಂಗಳು ಮೇಲೇರುತ್ತದೆ. ಹಿಂದಿನ ವರ್ಷದ ಮೂರು ತಿಂಗಳು, ನಡುವಿನ 4 ಲಕ್ಷ ಎರಡನ್ನೂ ಹುಡುಕುತ್ತಾರೆ. ಹಣದ ಪುಟಗಳಿಗೆ ಬಣ್ಣದ ಚೀಟಿ ಅಂಟಿಸಿ, ಎಂಟು ಲಕ್ಷ ತುಂಬಿದ ಸಾಲಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಕೊಟ್ಟರೆ ಅವರ ಕೆಲಸವೂ ಹಗುರ, ನಿಮ್ಮದೂ ಹಗುರ. ಎಲ್ಲ ಸರಿಯಿದ್ದರೆ ಹಲವು ಕಡೆ ಅದೇ ದಿನ ಮುದ್ರೆ. ಕೆಲವು ಕಡೆ ‘ಪರಿಶೀಲನೆಯಲ್ಲಿದೆ’ ಎಂಬ 30 ದಿನದ ಮುದ್ರೆ ಹಾಕಿ, ಮತ್ತೆ ಬರಲು ತಾರೀಕು ಕೊಡುತ್ತಾರೆ. ಆ ಅವಧಿಯಲ್ಲೂ ಹಣ ಮುಟ್ಟಬಾರದು.

ತಿರಸ್ಕರಿಸಿದರೆ ಸಿಗುವುದು ದೇಶ ಬಿಡಲು ಏಳು ದಿನ. ಎರಡು ತಿಂಗಳಿಗೆ ನಾಲ್ಕು ದಿನ ಕಡಿಮೆ ಬಿದ್ದಿದ್ದು, ವಾಸದ ಅವಧಿ ಇನ್ನೂ ಹತ್ತು ದಿನ ಉಳಿದಿದ್ದರೆ ಅರ್ಜಿ ಕೊಡದೆ ಪುಸ್ತಕ ಮಡಿಸಿಕೊಂಡು ಬಂದು ಐದನೇ ದಿನ ಹೋಗುವುದು ಮೇಲು. ಬೇಗ ಹೋಗುವುದರ ನಿಜವಾದ ಲಾಭ ಇದೇ. ಅವಧಿಯೇ ಮುಗಿದಿದ್ದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. ರೀ-ಎಂಟ್ರಿ ಪರ್ಮಿಟ್ (ವಾಸದ ಅನುಮತಿ ರದ್ದಾಗದೆ ದೇಶದ ಹೊರಗೆ ಹೋಗಿ ಬರುವ ಪರವಾನಗಿ) ಇಟ್ಟುಕೊಂಡು ಹೊರಗೆ ಹೋಗಿ ಬಂದರೆ ದಿನ ಹೆಚ್ಚಾಗುತ್ತದೆ ಎಂಬ ನಂಬಿಕೆ ಸುಳ್ಳು, ಹಳೆಯ ಕೊನೆಯ ದಿನಾಂಕವನ್ನೇ ಮತ್ತೆ ಒತ್ತುತ್ತಾರೆ. ಇನ್ನು ಏಜೆಂಟರ ‘ಹಣ ಬೇಡ, ನಾವೇ ತೋರಿಸುತ್ತೇವೆ’ ಎಂಬ ಮಾತು. ಕೆಲವೇ ದಿನ ಬೇರೆಯವರ ಹಣ ಖಾತೆಗೆ ಬಂದು ಹೋಗುವ ಆಟವದು. ಸಹಿ ಹಾಕುವವರು ನೀವು, ಖಾತೆ ನಿಮ್ಮದು. ಸಿಕ್ಕಿಬಿದ್ದಾಗ ಏಜೆಂಟರ ಹೆಸರು ಯಾವ ಹಾಳೆಯಲ್ಲೂ ಇರುವುದಿಲ್ಲ.

ಗಂಡ ಅಥವಾ ಹೆಂಡತಿಗೆ ಬೇರೆ ಎಂಟು ಲಕ್ಷ ಬೇಕಿಲ್ಲ, ಅವಲಂಬಿತರಾಗಿ ಅರ್ಜಿ ಹಾಕಬಹುದು. ಅದಕ್ಕೆ ದೃಢೀಕರಿಸಿದ, ಥಾಯ್‌ಗೆ ಭಾಷಾಂತರಿಸಿದ ಮದುವೆ ಪ್ರಮಾಣಪತ್ರ ಬೇಕು. ಆದರೆ ಮುಖ್ಯ ಅರ್ಜಿ ಬಿದ್ದರೆ ಇಬ್ಬರದೂ ಬೀಳುತ್ತದೆ.

ಮುದ್ರೆ ಬಿದ್ದ ದಿನವೇ ಮೂರು ತಾರೀಕು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಮೂರು ತಿಂಗಳು ಮುಗಿಯುವುದು, 90 ದಿನಕ್ಕೊಮ್ಮೆ ಇಮಿಗ್ರೇಷನ್ನಿಗೆ ಕೊಡಬೇಕಾದ ವಿಳಾಸ ವರದಿ, ಮುಂದಿನ ವರ್ಷ 8 ಲಕ್ಷ ತುಂಬಬೇಕಾದ ದಿನ. ಕೆಲವು ಕಚೇರಿಗಳು ಮೂರು ತಿಂಗಳಿಗೆ ಪಾಸ್‌ಬುಕ್ ತಂದು ತೋರಿಸಿ ಎಂದು ಚೀಟಿ ಕೊಡುತ್ತವೆ, ಅದನ್ನು ಕಳೆಯಬೇಡಿ. ಊರಿಗೆ ಹೋಗಿ ಬರುವ ಯೋಚನೆ ಇದ್ದರೆ ಕಚೇರಿ ಬಿಡುವ ಮುಂಚೆ ಟಿಎಂ 8 ತುಂಬಿ ರೀ-ಎಂಟ್ರಿ ಮಾಡಿಸಿ, ಒಂದು ಸಲಕ್ಕೆ 1,000 ಬಾತ್, ಎಷ್ಟು ಸಲವಾದರೂ 3,800. ಅದಿಲ್ಲದೆ ವಿಮಾನ ಹತ್ತಿದರೆ ಇಷ್ಟೆಲ್ಲ ಮಾಡಿ ಪಡೆದ ವರ್ಷ ವಿಮಾನ ನಿಲ್ದಾಣದಲ್ಲೇ ರದ್ದಾಗುತ್ತದೆ, ಎಂಟು ಲಕ್ಷ ಬ್ಯಾಂಕಿನಲ್ಲಿ ಹಾಗೇ ಇದ್ದರೂ.